ಉತ್ತರಕ್ಕೆ ಮುಖ ಮಾಡಿದ ದಾನಶಾಸನ: ಹಳೆಯ ನಮೂದನ್ನು ಬಿಚ್ಚಿ ಮತ್ತೆ ಕಟ್ಟಿದ ಬಗೆ

ಕೈಗೆತ್ತಿಕೊಂಡದ್ದು ಶಾಸನ ತಂಡದ ಹಂಚಿಕೆಯ ದಾಖಲೆಯಲ್ಲಿದ್ದ ಒಂದು ಹಳೆಯ ನಮೂದು. ಕೆರೆ ಏರಿಯ ಮೇಲೆ ನಿಂತಿರುವ ವಿಜಯನಗರ ಕಾಲದ ದಾನಶಾಸನ. ಮೇಲೆ ಸೂರ್ಯ ಚಂದ್ರ, ಕೆಳಗೆ ನೆಲದವರೆಗೆ 18 ಸಾಲು ಕಾಣುತ್ತದೆ. ನೆಲದ ಮೇಲಿನ ಎತ್ತರ 110 ಸೆಂ.ಮೀ., ಅಗಲ 58, ದಪ್ಪ 14. ಊರಿನ ಹೆಸರು ಇಲ್ಲಿ ಹಾಕಿಲ್ಲ. ಕಾರಣ ಮುಂದೆ ಬರುತ್ತದೆ.

ನಮೂದಿನಲ್ಲಿ ಇದ್ದದ್ದು ಇಷ್ಟು: ಒಂದು ಫೋಟೊ, ಒಂದು ಪಾಠ (ಕಲ್ಲಿನ ಬರಹವನ್ನು ಓದಿ ಬರೆದುಕೊಂಡದ್ದು), ಜಿಲ್ಲೆ ತಾಲ್ಲೂಕು, ಅಕ್ಷಾಂಶ ರೇಖಾಂಶ, ‘ಕ್ರಿ.ಶ. 1519’ ಎಂಬ ಕಾಲ, ಮತ್ತು ‘ಎ.ಕ.’ (ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು) ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ. ನೋಡಲು ಎಲ್ಲವೂ ಭರ್ತಿಯಾಗಿದೆ. ಆದರೆ ಫೋಟೊ ಹಿಗ್ಗಿಸಿದರೆ ಅಕ್ಷರ ಒಡೆಯುತ್ತದೆ, ನಕ್ಷೆಯಲ್ಲಿ ಕಲ್ಲು ಸಮುದ್ರದಲ್ಲಿ ನಿಲ್ಲುತ್ತದೆ, ಪಾಠದಲ್ಲಿ ‘ಕೆಱೆ’ ಹುಡುಕಿದರೆ ಸಿಗುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ಕಲ್ಲಿನಲ್ಲಿ ಕಂಡದ್ದು ಯಾವುದು, ಓದಿದವರು ತುಂಬಿಸಿದ್ದು ಯಾವುದು ಎಂದು ಬೇರ್ಪಡಿಸುವ ದಾರಿಯೇ ಆ ನಮೂದಿನಲ್ಲಿ ಇರಲಿಲ್ಲ. ಹಾಗಾಗಿ ತೇಪೆ ಹಾಕುವ ಬದಲು ಮೊದಲಿನಿಂದ ಕಟ್ಟುವುದೆಂದಾಯಿತು. ಹಳೆಯ ನಮೂದನ್ನು ಅಳಿಸಿಲ್ಲ. ‘ಆವೃತ್ತಿ 1’ ಎಂದು ಹೆಸರಿಟ್ಟು ಪಕ್ಕಕ್ಕೆ ಇಟ್ಟಿದೆ.

ಫೋಟೊ ಎಲ್ಲಿ ಕೆಟ್ಟಿತು

ಕಡತದ ಹೆಸರಿನಲ್ಲಿ ದಿನಾಂಕ, ಅದರ ನಂತರ ‘ಡಬ್ಲ್ಯೂಎ’ ಮತ್ತು ನಾಲ್ಕು ಅಂಕಿ ಇದ್ದರೆ ಅದು ವಾಟ್ಸ್ಆ್ಯಪ್ ಹಾದು ಬಂದ ಚಿತ್ರ. ಆ ದಿನಾಂಕ ಚಿತ್ರ ತೆಗೆದದ್ದಲ್ಲ, ಗುಂಪಿನಲ್ಲಿ ಹರಿದದ್ದು. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಚಿತ್ರದ ಉದ್ದದ ಬದಿ 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಒಳಗಿದ್ದ ಜಿಪಿಎಸ್ ಮಾಹಿತಿಯೂ ಹೋಗುತ್ತದೆ.

ಲೆಕ್ಕ ಹಾಕಿದರೆ ನಷ್ಟ ಎಷ್ಟೆಂದು ಗೊತ್ತಾಗುತ್ತದೆ. 110 ಸೆಂ.ಮೀ. ಕಲ್ಲು 1600 ಪಿಕ್ಸೆಲ್‌ನಲ್ಲಿ ಕೂತರೆ ಒಂದು ಸೆಂ.ಮೀ.ಗೆ ಸುಮಾರು 14 ಪಿಕ್ಸೆಲ್. ಈ ಶಾಸನದ ಅಕ್ಷರ 2.5 ಸೆಂ.ಮೀ. ಎತ್ತರ, ಅಂದರೆ 36 ಪಿಕ್ಸೆಲ್, ಅದು ಸಾಕು. ಆದರೆ ಒತ್ತಕ್ಷರ ಒಂದು ಸೆಂ.ಮೀ. ಕೂಡ ಇಲ್ಲ. ಹತ್ತು ಹನ್ನೆರಡು ಪಿಕ್ಸೆಲ್‌ನಲ್ಲಿ, ಅದರ ಮೇಲೆ ಕುಗ್ಗಿಸಿದ ಮಬ್ಬಿನಲ್ಲಿ, ತ-ಒತ್ತೋ ನ-ಒತ್ತೋ ಹೇಳಲಾಗದು. ಅದೇ ಫೋನಿನ 4000 ಪಿಕ್ಸೆಲ್ ಮೂಲ ಚಿತ್ರದಲ್ಲಿ ಸೆಂ.ಮೀ.ಗೆ 36 ಪಿಕ್ಸೆಲ್ ಇರುತ್ತದೆ. ಕಲ್ಲನ್ನು ನಾಲ್ಕು ಭಾಗ ಮಾಡಿ, ಭಾಗಕ್ಕೊಂದು ಚಿತ್ರ ತೆಗೆದರೆ ಇದರ ಎರಡು ಪಟ್ಟು. ಭಾಗಗಳು ಒಂದರ ಮೇಲೊಂದು ಮೂರನೇ ಒಂದು ಪಾಲು ಹಾಯಬೇಕು, ಇಲ್ಲದಿದ್ದರೆ ಸಾಲು ಜೋಡಿಸುವಾಗ ಅಂಚಿನ ಅಕ್ಷರ ಯಾವ ಸಾಲಿನದು ಎಂಬುದೇ ತಪ್ಪುತ್ತದೆ.

ಕಳಿಸಲೇಬೇಕಾದರೆ ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಯ್ಕೆಯಿಂದ ಕಳಿಸಿ, ಮೂಲ ಕಡತವೇ ಹೋಗುತ್ತದೆ. ತಂಡದ ಡ್ರೈವ್‌ಗೆ ನೇರವಾಗಿ ಏರಿಸುವುದು ಇನ್ನೂ ಮೇಲು.

ಕಲ್ಲಿನ ಬಳಿ

ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಬ್ರಷ್ ಕೂಡ ಮುಟ್ಟಿಸಬೇಡಿ. ಈ ಕಲ್ಲು ಊರಿನದು, ಆದ್ದರಿಂದ ಊರಿನ ಹಿರಿಯರನ್ನೂ ಪೂಜೆ ಮಾಡುವ ಮನೆಯವರನ್ನೂ ಕೇಳಿ ಮುಂದುವರಿದದ್ದು. ಎಣ್ಣೆ ಕುಂಕುಮ ಹಚ್ಚಿದ ಕಲ್ಲನ್ನು ಹೇಳದೆ ಕೇಳದೆ ತೊಳೆದರೆ ಮುಂದಿನ ಸಲ ಊರೊಳಗೆ ಬಿಡುವುದಿಲ್ಲ, ಅದು ಸರಿಯೂ ಹೌದು.

ಮೊದಲು ಒಣ ಬ್ರಷ್. ನೈಲಾನ್ ಅಥವಾ ತೆಂಗಿನ ನಾರಿನದು. ತಂತಿ ಬ್ರಷ್ ಬೇಡವೇ ಬೇಡ, ಗ್ರಾನೈಟಿನ ಮೇಲೂ ಹೊಸ ಗೀರು ಬಿದ್ದು ಮುಂದೆ ಅದನ್ನೇ ಅಕ್ಷರವೆಂದು ಓದುತ್ತಾರೆ. ಆಮೇಲೆ ಬರೀ ನೀರು, 3 ಲೀಟರ್ ಸಾಕು. ಸೋಪಿನ ಪುಡಿ, ಆ್ಯಸಿಡ್, ಸೀಮೆಎಣ್ಣೆ ಯಾವುದೂ ಬೇಡ. ಒಣಗಿದ ಸುಣ್ಣದ ಹೊಪ್ಪಳೆ ನೆನೆದ ಮೇಲೆ ಬಿದಿರು ಕಡ್ಡಿಗೆ ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಬಿಡಿ. ಕಲ್ಲುಹೂವನ್ನು ಕೆರೆಯಬೇಡಿ, ಅದರ ಜೊತೆ ಕಲ್ಲಿನ ಮೇಲ್ಪದರವೂ ಏಳುತ್ತದೆ. ಎನಾಮೆಲ್ ಪೇಂಟ್ ಬಳಿದ ಕಲ್ಲಾದರೆ ಅದು ನಮ್ಮ ಕೆಲಸವೇ ಅಲ್ಲ. ಹಾಗೇ ಚಿತ್ರ ತೆಗೆದು, ಪೇಂಟ್ ಇದೆ ಎಂದು ಬರೆದು ಬನ್ನಿ.

ಅಕ್ಷರದ ಗುಂಡಿಗೆ ಸೀಮೆಸುಣ್ಣ ಅಥವಾ ಮೈದಾ ಹಿಟ್ಟು ತುಂಬುವ ಅಭ್ಯಾಸ ಎಲ್ಲೆಡೆ ಇದೆ. ಫೋಟೊ ಚೆಂದ ಬರುತ್ತದೆ, ನಿಜ. ಆದರೆ ತುಂಬಿದವರು ಎಲ್ಲಿ ಅಕ್ಷರ ಇದೆ ಎಂದುಕೊಂಡರೋ ಅಲ್ಲಿ ಮಾತ್ರ ಬಿಳಿ. ಹಾಗಾದಾಗ ಫೋಟೊದಲ್ಲಿ ಬರುವುದು ಕಲ್ಲಲ್ಲ, ತುಂಬಿದವರ ಓದು. ಆವೃತ್ತಿ 1ರ ಚಿತ್ರ ಅಂಥದ್ದು. ಅದರಲ್ಲಿ 5ನೇ ಸಾಲಿನ ‘ಧ’ದ ಹೊಟ್ಟೆಯ ಸೀಳನ್ನು ಸೀಮೆಸುಣ್ಣವೇ ಹುಟ್ಟಿಸಿತ್ತು, ಕಲ್ಲಿನಲ್ಲಿ ಸೀಳು ಇಲ್ಲ, ‘ದ’ ಎಂದೇ ಇದೆ.

ಕಲ್ಲಿನ ಕೆಳಭಾಗ ನೆಲದೊಳಗೆ ಇಳಿದಿದೆ. ಅಗೆಯಲಿಲ್ಲ, ಅಗೆಯಕೂಡದು. ‘18ನೇ ಸಾಲಿನ ಕೆಳಗೆ ಪಾಠ ಮುಂದುವರಿದಿರಬಹುದು, ನೆಲದಿಂದ ಮುಚ್ಚಿದೆ’ ಎಂದು ನಮೂದಿನಲ್ಲಿ ಬರೆದಾಗಿದೆ.

ಬೆಳಕು

ಹೆಚ್ಚು ಹೊತ್ತು ಹಿಡಿದದ್ದು ಇದೇ. ಕೊರೆದ ಅಕ್ಷರ ಬಣ್ಣದಿಂದಲ್ಲ, ನೆರಳಿನಿಂದ ಕಾಣುವುದು. ಎದುರಿನಿಂದ ಬೆಳಕು ಬಿದ್ದರೆ ಗುಂಡಿಯೂ ಬಯಲೂ ಒಂದೇ. ಬೆಳಕು ಕಲ್ಲಿನ ಮೈಗೆ ತಾಗಿಕೊಂಡು, 10ರಿಂದ 15 ಡಿಗ್ರಿ ಓರೆಯಲ್ಲಿ ಹರಿಯಬೇಕು.

ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಕಲ್ಲಿಗೆ ಮಧ್ಯಾಹ್ನ ಸೂರ್ಯ ನೆತ್ತಿಗೆ ಬರುವ ಹೊತ್ತಿನಲ್ಲಿ ಮೇಲಿನಿಂದ ಓರೆ ಬೆಳಕು ಸಿಗುತ್ತದೆ. ದಕ್ಷಿಣದ ಮುಖಕ್ಕೆ ಚಳಿಗಾಲದ ಬೆಳಗ್ಗೆ, ಸಂಜೆ. ಉತ್ತರದ ಮುಖಕ್ಕೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ. ಈ ಕಲ್ಲು ಉತ್ತರಕ್ಕೆ ಮುಖ ಮಾಡಿದೆ, ಹೋದದ್ದು ಡಿಸೆಂಬರ್‌ನಲ್ಲಿ. ಆದ್ದರಿಂದ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮಾಡಿದ್ದು.

ಕ್ರಮ ಹೀಗೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಕಲ್ಲಿನ ನಡುಮಟ್ಟಕ್ಕೆ ನೇರ. ಫ್ಲಾಷ್ ಬಂದ್. ಐಎಸ್‌ಒ 100, ಟೈಮರ್ 2 ಸೆಕೆಂಡ್, ಫೋಕಸ್ ಒಮ್ಮೆ ಹಿಡಿದು ಲಾಕ್. ಒಬ್ಬರು ಟಾರ್ಚ್ ಹಿಡಿದು ಕಲ್ಲಿನ ಅಂಚಿನಿಂದ ಒಂದು ಮೀಟರ್ ದೂರದಲ್ಲಿ ನಿಲ್ಲಬೇಕು. ಹತ್ತಿರ ಹಿಡಿದರೆ ಅಂಚು ಸುಟ್ಟು ಬಿಳಿಯಾಗಿ, ಆಚೆ ತುದಿ ಕತ್ತಲಾಗುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು, ಎಡಗೆಳಗಿನ ಮೂಲೆಯಿಂದ ಒಂದು. ನಾಲ್ಕಕ್ಕೂ ಕ್ಯಾಮೆರಾ ಅಲುಗಬಾರದು. ಆಗ ಮಾತ್ರ ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು ಬದಲಿಸಿ ನೋಡಬಹುದು.

ನಾಲ್ಕು ಯಾಕೆ? ಬೆಳಕಿನ ದಿಕ್ಕಿಗೇ ಹರಿಯುವ ಗೆರೆ ನೆರಳು ಕೊಡುವುದಿಲ್ಲ. ಎಡದಿಂದ ಬೆಳಕು ಬಂದರೆ ನಿಂತ ಗೆರೆಗಳು ಎದ್ದು ಕಾಣುತ್ತವೆ, ಮಲಗಿದ ಗೆರೆಗಳು ಮಾಯ. ಕನ್ನಡದ ತಲೆಕಟ್ಟು ಮಲಗಿದ ಗೆರೆ. ಹಾಗಾಗಿ ಎಡ ಬಲದ ಬೆಳಕಿನ ಚಿತ್ರ ಮಾತ್ರ ಇಟ್ಟುಕೊಂಡು ಓದಿದವರು ತಲೆಕಟ್ಟಿಗೂ ಗುಡಿಸಿಗೂ ವ್ಯತ್ಯಾಸ ಕಾಣದೆ ‘ತ’ವನ್ನು ‘ತಿ’ ಎಂದೋ ‘ತಿ’ಯನ್ನು ‘ತ’ ಎಂದೋ ಬರೆಯುತ್ತಾರೆ. ಆವೃತ್ತಿ 1ರಲ್ಲಿ ಇಂಥವು ಆರು. ಮೇಲಿನ ಬೆಳಕಿನ ಒಂದೇ ಚಿತ್ರ ಆರನ್ನೂ ಬಿಡಿಸಿತು.

ಚಿತ್ರದ ಒಳಗೆ ಸ್ಕೇಲ್ ಇರಲಿ, ಅಕ್ಷರದ ಮೇಲೆ ಅಲ್ಲ, ಅಂಚಿನಲ್ಲಿ. ಬೀಡಿ ಕಟ್ಟು, ಪೆನ್ನು, ಚಪ್ಪಲಿ ಇಟ್ಟು ಅಳತೆ ತೋರಿಸುವ ಚಿತ್ರಗಳೂ ದಾಖಲೆಯಲ್ಲಿವೆ. ಅವುಗಳಿಂದ ಅಳತೆ ಸಿಗದು. ಕಲ್ಲಿನ ಹಿಂಬದಿ, ಎರಡು ಪಕ್ಕ, ಮತ್ತು ದೂರದಿಂದ ಸುತ್ತಲಿನ ಜಾಗ ಕಾಣುವ ಒಂದು ಚಿತ್ರ ಬೇಕು. ಹಿಂಬದಿಯಲ್ಲಿ ಪಾಠ ಮುಂದುವರಿಯುವುದು ಅಪರೂಪವೇನಲ್ಲ.

ಪಡಿಯಚ್ಚು

ಪಡಿಯಚ್ಚು ಎಂದರೆ ಕಲ್ಲಿನ ಬರಹವನ್ನು ಒದ್ದೆ ಕಾಗದದ ಮೇಲೆ ಮಸಿಯಿಂದ ಮೂಡಿಸಿಕೊಳ್ಳುವುದು. ಎಲ್ಲ ಕಲ್ಲಿಗೂ ಬೇಕಿಲ್ಲ. ಮೈ ಚಕ್ಕೆ ಏಳುತ್ತಿದ್ದರೆ ತೆಗೆಯಲೇಬಾರದು. ಇದು ಗಟ್ಟಿ ಗ್ರಾನೈಟ್, ಸವೆತ ಹೆಚ್ಚಾಗಿ 7ರಿಂದ 9ನೇ ಸಾಲಿನಲ್ಲಿ, ಆದ್ದರಿಂದ ತೆಗೆದದ್ದು.

ಕಾಗದ ತೆಳುವಾದ ಮ್ಯಾಪ್‌ಲಿಥೋ. ಈ ಅಳತೆಯ ಕಲ್ಲಿಗೆ ಎರಡು ಹಾಳೆ, ನಡುವೆ 5 ಸೆಂ.ಮೀ. ಹಾಯುವಂತೆ. ಕಲ್ಲನ್ನು ನೆನೆಸಿ, ಕಾಗದವನ್ನು ನೀರಿನಲ್ಲಿ ಅದ್ದಿ ಮೇಲಿನಿಂದ ಕೆಳಗೆ ಇಳಿಬಿಟ್ಟು, ಅಗಲ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಗಾಳಿ ಹೊರದೂಡಬೇಕು. ಗುಳ್ಳೆ ಉಳಿದರೆ ಅಲ್ಲಿ ಅಕ್ಷರ ಬರುವುದಿಲ್ಲ. ಆಮೇಲೆ ಗಡಸು ಕೂದಲಿನ ಬ್ರಷ್‌ನಿಂದ ಕುಟ್ಟುವುದು: ನೇರವಾಗಿ, ಒಂದೇ ಸಮನೆ, ಕಾಗದ ಅಕ್ಷರದ ಗುಂಡಿಯೊಳಗೆ ಇಳಿಯುವ ತನಕ. ಕಾಗದ ತೀರಾ ನೆನೆದಿದ್ದಾಗ ಜೋರಾಗಿ ಕುಟ್ಟಿದರೆ ಆಳ ಅಕ್ಷರದ ಅಂಚಿನಲ್ಲೇ ಹರಿಯುತ್ತದೆ. ಹರಿದರೆ ಅದೇ ಕಾಗದದ ಚೂರನ್ನು ನೆನೆಸಿ ಮೇಲೆ ಕೂರಿಸಿ ಮತ್ತೆ ಕುಟ್ಟಿ.

ಮಸಿ ಹಚ್ಚುವ ಹೊತ್ತು ಗುರುತಿಸುವುದೇ ಕೈಚಳಕ. ಅಂಚಿನ ಕಾಗದ ಬೂದುಬಣ್ಣ ಬಿಟ್ಟು ಬೆಳ್ಳಗಾಗಲು ಶುರುವಾದಾಗ ಹಚ್ಚಬೇಕು. ಬೇಗ ಹಚ್ಚಿದರೆ ಮಸಿ ಹಬ್ಬಿ ಕಲ್ಲಿಗೂ ಇಳಿಯುತ್ತದೆ; ಕಲ್ಲಿನ ಮೇಲೆ ಮಸಿ ಕಲೆ ಮಾಡಿ ಬರುವುದಕ್ಕಿಂತ ದೊಡ್ಡ ತಪ್ಪು ಇಲ್ಲ. ತಡವಾದರೆ ಕಾಗದ ಒಣಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಾಡಿಗೆ ಮತ್ತು ಗೋಂದಿನ ಮಸಿ ದೋಸೆ ಹಿಟ್ಟಿಗಿಂತ ಗಟ್ಟಿ ಇರಲಿ. ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದ ಉಂಡೆಗೆ ಮಸಿ ತಾಗಿಸಿ, ಮೊದಲು ಬೇರೆ ಕಾಗದದ ಮೇಲೆ ನಾಲ್ಕು ಸಲ ಒತ್ತಿ ಹೆಚ್ಚಿನದನ್ನು ಕಳೆದು, ಆಮೇಲೆ ಹಗುರಾಗಿ ತಟ್ಟುವುದು. ಉಜ್ಜಬಾರದು. ಎರಡು ಸುತ್ತು ತೆಳುವಾಗಿ ತಟ್ಟಿದ್ದು ಒಂದೇ ಸುತ್ತು ದಪ್ಪವಾಗಿ ತಟ್ಟಿದ್ದಕ್ಕಿಂತ ಸ್ಪಷ್ಟ.

ಮಸಿ ಬೀಳುವುದು ಹೊರಮುಖಕ್ಕೆ, ಹಾಗಾಗಿ ಅಕ್ಷರ ತಿರುಗುಮುರುಗಾಗುವುದಿಲ್ಲ. ಕೊರೆದದ್ದು ಬಿಳಿ, ಉಳಿದದ್ದು ಕಪ್ಪು. ಪೂರ್ತಿ ಒಣಗಿದ ಮೇಲೆ ಮೇಲಿನ ಮೂಲೆಯಿಂದ ಬಿಡಿಸಿ. ಹಸಿಯಿದ್ದಾಗ ಎಳೆದರೆ ಕಾಗದ ಹಿಗ್ಗಿ ಅಳತೆ ಕೆಡುತ್ತದೆ. ಬಿಡಿಸುವ ಮುಂಚೆಯೇ ಮೂಲೆಯಲ್ಲಿ ಪೆನ್ಸಿಲ್‌ನಿಂದ ಕಲ್ಲಿನ ಸಂಕೇತ, ಹಾಳೆ ಸಂಖ್ಯೆ, ದಿನಾಂಕ.

ಪಾಠ: ಕಂಡದ್ದಷ್ಟೇ

ಇಬ್ಬರು ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ ಓದಬೇಕು. ಜೊತೆಗೆ ಕೂತು ಓದಿದರೆ ಮೊದಲು ಬಾಯಿ ಬಿಟ್ಟವರ ಓದೇ ನಿಲ್ಲುತ್ತದೆ. ಎರಡೂ ಪಾಠ ಬಂದ ಮೇಲೆ ಸಾಲಿಗೆ ಸಾಲು ಇಟ್ಟು ಹೋಲಿಸಿ, ಒಪ್ಪದ ಕಡೆ ಎರಡೂ ಓದನ್ನು ಉಳಿಸುವುದು.

ಗುರುತುಗಳು ಮೂರೇ. ಸವೆದಿದ್ದರೂ ಗೆರೆ ಉಳಿದು ಓದಬಹುದಾದ ಅಕ್ಷರಕ್ಕೆ ಚೌಕ ಆವರಣ. ಗೆರೆಯೇ ಇಲ್ಲದೆ ಓದುವವರು ಊಹಿಸಿದ್ದಕ್ಕೆ ದುಂಡು ಆವರಣ. ಏನೂ ಹೇಳಲಾಗದ ಕಡೆ ಅಕ್ಷರಕ್ಕೊಂದು ಚುಕ್ಕಿ. ಅಚ್ಚಾದ ಶಾಸನ ಸಂಪುಟಗಳಲ್ಲಿ ಆವರಣಗಳ ಅರ್ಥ ಒಂದೊಂದು ಕಡೆ ಒಂದೊಂದು ರೀತಿ, ಆದ್ದರಿಂದ ಪ್ರತಿ ನಮೂದಿನ ತಲೆಯಲ್ಲಿ ಈ ಮೂರು ಸಾಲಿನ ವಿವರಣೆ ಇರಲೇಬೇಕು.

ಆವೃತ್ತಿ 1ರಲ್ಲಿ ಊಹೆ ಎಲ್ಲಿ ನುಸುಳಿತ್ತು ಎಂದರೆ, ಎಲ್ಲರಿಗೂ ಬಾಯಿಪಾಠ ಇರುವ ಕಡೆ. ದಾನಶಾಸನದ ಕೊನೆಗೆ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪಾಶಯ ಶ್ಲೋಕ ಬರುತ್ತದೆ. ಮೊದಲ ಎರಡು ಪದ ಕಂಡ ಕೂಡಲೇ ಓದುವವರು ಉಳಿದದ್ದನ್ನು ನೆನಪಿನಿಂದ ಬರೆದುಬಿಡುತ್ತಾರೆ. ಈ ಕಲ್ಲಿನಲ್ಲಿ ಇರುವುದು ‘ಸ್ವದತಂ ಪರದತಂ ವಾ’. ಒತ್ತು ಇಲ್ಲ, ದೀರ್ಘ ಇಲ್ಲ. ಅದು ಕೊರೆದವನ ಉಚ್ಚಾರಣೆ, ಆತನಿಗೆ ಸಂಸ್ಕೃತ ಎಷ್ಟು ಗೊತ್ತಿತ್ತು ಎಂಬುದರ ಸಾಕ್ಷಿ. ತಿದ್ದಿದರೆ ಆ ಸಾಕ್ಷಿ ಹೋಯಿತು. ‘ಧರ್ಮ್ಮ’, ‘ಸರ್ವ್ವ’ ಎಂದು ರೇಫದ (‘ರ್’) ಮುಂದೆ ವ್ಯಂಜನ ಇಮ್ಮಡಿಯಾಗುವುದೂ ಶಾಸನಗಳಲ್ಲಿ ಸಾಮಾನ್ಯ. ಆವೃತ್ತಿ 1 ಅವನ್ನೆಲ್ಲ ಇಂದಿನ ಕಾಗುಣಿತಕ್ಕೆ ಇಳಿಸಿತ್ತು. ಅರ್ಧ ತಪ್ಪು ಮನುಷ್ಯರದು, ಅರ್ಧ ಫೋನಿನದು: ಕೀಲಿಮಣೆಯ ಸ್ವಯಂ ತಿದ್ದುಪಡಿ ‘ಪ್ರಿಥ್ವೀ’ಯನ್ನು ಸದ್ದಿಲ್ಲದೆ ‘ಪೃಥ್ವಿ’ ಮಾಡುತ್ತದೆ. ಪಾಠ ಹೊಡೆಯುವ ಮುಂಚೆ ಅದನ್ನು ಆರಿಸಿ.

‘ಗ ೧೦’, ‘ಖ ೧’ ಎಂಬ ಸಂಕ್ಷೇಪಗಳನ್ನೂ ಪಾಠದೊಳಗೆ ಬಿಡಿಸಬಾರದು. ಗದ್ಯಾಣ, ಖಂಡುಗ ಎಂದು ಟಿಪ್ಪಣಿಯಲ್ಲಿ ಬರೆಯಿರಿ.

ಅಕ್ಷರದ ಒಳಗಿನ ತಪ್ಪು

ಪರದೆಯ ಮೇಲೆ ಸರಿಯಾಗಿ ಕಂಡು, ಹುಡುಕಿದರೆ ಸಿಗದ ತಪ್ಪುಗಳು ಇವು. ಮೊದಲನೆಯದು ಸೊನ್ನೆ. ಅನುಸ್ವಾರದ ಬಿಂದುವೂ ಕನ್ನಡದ ಸೊನ್ನೆ ಅಂಕಿಯೂ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಸಂವತ್ಸರ’ ಮತ್ತು ‘ಸ೦ವತ್ಸರ’ ಎರಡನ್ನೂ ನೋಡಿ: ಎರಡನೆಯದರಲ್ಲಿ ಇರುವುದು ಅಂಕಿ. ಹಳೆಯ ಪಾಠದಲ್ಲಿ 11 ಕಡೆ ಅನುಸ್ವಾರದ ಜಾಗದಲ್ಲಿ ಅಂಕಿ ಇತ್ತು. ಶಕವರ್ಷದಲ್ಲಿ ಇದರ ಉಲ್ಟಾ: ‘೧೪೪ಂ’ ಎಂದು ಅಂಕಿಯ ಜಾಗದಲ್ಲಿ ಅನುಸ್ವಾರ. ಪತ್ತೆ ಮಾಡುವ ದಾರಿ ಸುಲಭ. ಅಕ್ಷರಕ್ಕೆ ಅಂಟಿಕೊಂಡ ಸೊನ್ನೆ ಅಂಕಿಗಳನ್ನು ಹುಡುಕಿ ಅನುಸ್ವಾರ ಮಾಡುವುದು, ಅಂಕಿಗೆ ಅಂಟಿಕೊಂಡ ಅನುಸ್ವಾರಗಳನ್ನು ಹುಡುಕಿ ಸೊನ್ನೆ ಮಾಡುವುದು. ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ, ಒಂದೊಂದಾಗಿ ನೋಡಿ.

ಎರಡನೆಯದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬಂದ ಪಾಠದ್ದು. ಆ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ, ಅಕ್ಷರದ ಮೊದಲು ಬರಬೇಕು. ಪರಿವರ್ತಕ ಈ ಜಾಗ ಬದಲಿಸುವುದನ್ನು ತಪ್ಪಿದರೆ ‘ಕರ್ನಾಟಕ’ ‘ಕನಾರ್ಟಕ’ ಆಗುತ್ತದೆ. ಸರ್ಕಾರಿ ಪಿಡಿಎಫ್‌ನಿಂದ ಒಮ್ಮೆಯಾದರೂ ನಕಲು ಮಾಡಿದವರಿಗೆ ಇದರ ಗುರುತು ಸಿಗುತ್ತದೆ. ನಮ್ಮ ಪಾಠದಲ್ಲಿ ‘ಸರ್ವಮಾನ್ಯ’ ‘ಸವರ್ಮಾನ್ಯ’ ಆಗಿತ್ತು. ಪರಿವರ್ತಿಸಿದ ಪಾಠದಲ್ಲಿ ಅರ್ಕಾವತ್ತು ಇರುವ ಪ್ರತಿ ಪದವನ್ನೂ ಕಲ್ಲಿನ ಚಿತ್ರದ ಜೊತೆ ಮತ್ತೆ ಇಟ್ಟು ನೋಡದೆ ಬೇರೆ ದಾರಿಯಿಲ್ಲ.

ಮೂರನೆಯದು ಹಳಗನ್ನಡದ ಱ ಮತ್ತು ೞ (ರಳ). ಫೋನಿನಲ್ಲಿ ಬೇಗ ಸಿಗುವುದಿಲ್ಲವೆಂದು ‘ಕೆಱೆ’ಯನ್ನು ‘ಕೆರೆ’ ಎಂದೂ ‘ಏೞು’ವನ್ನು ‘ಏಳು’ ಎಂದೂ ಹೊಡೆದಿರುತ್ತಾರೆ. ಕಾಲ ನಿರ್ಧಾರಕ್ಕೆ ಈ ಎರಡು ಅಕ್ಷರ ಎಷ್ಟು ಮುಖ್ಯ ಎಂದು ಶಾಸನ ಓದುವವರಿಗೆ ಹೇಳಬೇಕಿಲ್ಲ. ತಂಡದ ಹಂಚಿಕೆಯ ಕಡತದ ಮೊದಲ ಸಾಲಿನಲ್ಲೇ ಎರಡನ್ನೂ ಬರೆದಿಟ್ಟಿದೆ, ನಕಲು ಮಾಡಿ ಅಂಟಿಸಲಿ ಎಂದು. (ಯೂನಿಕೋಡ್ ಪಟ್ಟಿಯಲ್ಲಿ ಹೆಸರಿನಿಂದ ೞ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅದಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಹಾಗಾಗಿ ರಳ ಎಂದೆಂದಿಗೂ ಫ.)

ಇನ್ನೊಂದು ಸಣ್ಣದು: ‘ಕೊ’ ಬರೆಯುವಾಗ ಎತ್ವ ಮತ್ತು ಊಕಾರದ ಕೊಂಬು ಬೇರೆ ಬೇರೆಯಾಗಿ ಹೊಡೆದರೂ ಪರದೆಯ ಮೇಲೆ ‘ಕೊ’ ಆಗಿಯೇ ಕಾಣುತ್ತದೆ. ಎಲ್ಲ ಪಾಠವನ್ನೂ ಒಮ್ಮೆ ಯೂನಿಕೋಡ್ ನಾರ್ಮಲೈಸೇಶನ್‌ಗೆ, ಎನ್‌ಎಫ್‌ಸಿ ರೂಪಕ್ಕೆ, ಹಾಕಿ ತೆಗೆದರೆ ಇದು ತಾನಾಗಿ ಸರಿಹೋಗುತ್ತದೆ. ಸೊನ್ನೆ, ಅರ್ಕಾವತ್ತಿನ ತಪ್ಪು ಇದರಿಂದ ಸರಿಹೋಗುವುದಿಲ್ಲ.

1519 ಎಲ್ಲಿಂದ ಬಂತು

ಶಕವರ್ಷದ ಕೊನೆಯ ಅಂಕಿ ಸವೆದಿದೆ. ೦ ಮುಚ್ಚಿದ ವೃತ್ತ, ೧ ಒಂದು ಕಡೆ ಬಾಯಿ ತೆರೆದದ್ದು. ಆ ಬಾಯಿಯ ಜಾಗದಲ್ಲೇ ಚಕ್ಕೆ ಎದ್ದಿದೆ. ಹಳೆಯ ನಮೂದಿನ ಒಂದು ಕಡೆ ೧೪೪೦, ಇನ್ನೊಂದು ಕಡೆ ೧೪೪೧. 1441ಕ್ಕೆ 78 ಕೂಡಿ 1519 ಬರೆದಿದ್ದಾರೆ.

ಸಂವತ್ಸರದ ಹೆಸರು ಮಾತ್ರ ಸ್ಪಷ್ಟ: ಬಹುಧಾನ್ಯ. ಲೆಕ್ಕ ಇದು: ಗತಿಸಿದ ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಅಕ್ಷಯ. 1440ಕ್ಕೆ 12 ಕೂಡಿದರೆ 1452, ಶೇಷ 12, ಹನ್ನೆರಡನೆಯದು ಬಹುಧಾನ್ಯ. ಸರಿಹೋಯಿತು. ಕೊನೆಯ ಅಂಕಿ ೧ ಎಂದೇ ಇದ್ದರೆ? ಕೆಲವು ಶಾಸನಗಳು ಗತವರ್ಷದ ಬದಲು ನಡೆಯುತ್ತಿರುವ ವರ್ಷ ಹೇಳುತ್ತವೆ. ವರ್ತಮಾನ 1441 ಎಂದರೆ ಗತ 1440, ಮತ್ತೆ ಬಹುಧಾನ್ಯವೇ. ಅಂದರೆ ಅಂಕಿ ಯಾವುದಾದರೂ ವರ್ಷ ಬದಲಾಗದು: ಕ್ರಿ.ಶ. 1518–19. ತಿಂಗಳು ಕಾರ್ತಿಕ, ಆದ್ದರಿಂದ 1518. ಮಾಘವೋ ಫಾಲ್ಗುಣವೋ ಆಗಿದ್ದರೆ 79 ಕೂಡಬೇಕಿತ್ತು, ಆಗ 1519 ಸರಿಯಾಗುತ್ತಿತ್ತು. ಎರಡೂ ಬಗೆಯಲ್ಲಿ ಕೃಷ್ಣದೇವರಾಯನ ಆಳ್ವಿಕೆಯ 1509–1529ರ ಒಳಗೇ ಬರುತ್ತದೆ, ಪಾಠದ ‘ಕ್ರಿಷ್ಣರಾಯ ಮಹಾರಾಯರು’ ಎಂಬುದಕ್ಕೆ ಅಡ್ಡಿಯಿಲ್ಲ. ಪಾಠದಲ್ಲಿ ಕೊನೆಯ ಅಂಕಿಯನ್ನು ಚೌಕ ಆವರಣದಲ್ಲೇ ಬಿಟ್ಟಿದೆ. ಲೆಕ್ಕ ಸರಿಹೋಯಿತೆಂದು ಕಲ್ಲಿನ ಅಂಕಿ ಸ್ಪಷ್ಟವಾಗುವುದಿಲ್ಲ.

ಈ ಅರವತ್ತರ ಲೆಕ್ಕವನ್ನು 10ನೇ ಶತಮಾನಕ್ಕಿಂತ ಹಿಂದಿನ ಶಾಸನಕ್ಕೆ ಕಣ್ಣು ಮುಚ್ಚಿ ಹಾಕಬೇಡಿ. ಆಗ ಕೆಲವೆಡೆ ಗುರುವಿನ ಚಲನೆಗೆ ಹೊಂದಿಸಿ ಸಂವತ್ಸರ ಬಿಡುವ ಪದ್ಧತಿಯಿತ್ತು.

ಕಲ್ಲು ಸಮುದ್ರಕ್ಕೆ ಹೋದದ್ದು

ಅಕ್ಷಾಂಶದ ಕಲಂನಲ್ಲಿ 77, ರೇಖಾಂಶದ ಕಲಂನಲ್ಲಿ 13. ಅದಲುಬದಲು. ಹೀಗೆ ಹಾಕಿದರೆ ಕಲ್ಲು ನಾರ್ವೆಯ ಸ್ವಾಲ್‌ಬಾರ್ಡ್ ಪಕ್ಕದ ಹಿಮಸಾಗರಕ್ಕೆ ಹೋಗಿ ನಿಲ್ಲುತ್ತದೆ. ಕರ್ನಾಟಕದಲ್ಲಿ ಅಕ್ಷಾಂಶ 19 ದಾಟುವುದಿಲ್ಲ, ರೇಖಾಂಶ 74ಕ್ಕಿಂತ ಕೆಳಗಿಳಿಯುವುದಿಲ್ಲ. ಶೀಟಿನಲ್ಲಿ ಈ ಮಿತಿ ಹಾಕಿಟ್ಟರೆ ತಪ್ಪು ಸಂಖ್ಯೆ ಒಳಗೇ ಬರದು. ಮಿತಿಗೆ ಸಿಕ್ಕದ ತಪ್ಪು ಇನ್ನೊಂದಿದೆ. 12 ಡಿಗ್ರಿ 58 ನಿಮಿಷ 20 ಸೆಕೆಂಡ್ ಎಂಬುದನ್ನು 12.5820 ಎಂದು ಬರೆಯುವುದು. ಸರಿಯಾದದ್ದು 12.9722. ವ್ಯತ್ಯಾಸ 43 ಕಿ.ಮೀ. ದಶಮಾಂಶದ ಮುಂದೆ ಐದು ಸ್ಥಾನ ಸಾಕು, ಅದು ಒಂದು ಮೀಟರಿನಷ್ಟು ಸೂಕ್ಷ್ಮ. ಫೋನಿನ ಜಿಪಿಎಸ್‌ಗೆ ಅಷ್ಟು ನಿಖರತೆ ಇರುವುದೇ ಇಲ್ಲ.

ಈಗ ಊರಿನ ಹೆಸರು ಯಾಕೆ ಹಾಕಲಿಲ್ಲ ಎಂಬುದು. ಶಾಸನದ ಕಲ್ಲಿನಡಿ ನಿಧಿ ಇದೆ ಎಂದು ರಾತ್ರೋರಾತ್ರಿ ಅಗೆದು ಕಲ್ಲು ಬೀಳಿಸುವವರು ಇದ್ದಾರೆ. ಆದ್ದರಿಂದ ಎಲ್ಲರಿಗೂ ಕಾಣುವ ಪ್ರತಿಯಲ್ಲಿ ಎರಡು ದಶಮಾಂಶ ಸ್ಥಾನ ಮಾತ್ರ, ಅಂದರೆ ಸುಮಾರು ಒಂದು ಕಿ.ಮೀ. ಆಚೀಚೆ. ಪೂರ್ಣ ಸಂಖ್ಯೆ ತಂಡದ ಒಳಗಿನ ಶೀಟಿನಲ್ಲಿ. ಚಿತ್ರ ಹೊರಗೆ ಹೋಗುವ ಮುಂಚೆ ಅದರೊಳಗಿನ ಜಿಪಿಎಸ್ ಮಾಹಿತಿಯನ್ನೂ ತೆಗೆಯಬೇಕು. ಇದನ್ನು ಮರೆತರೆ ಉಳಿದ ಗುಟ್ಟೆಲ್ಲ ವ್ಯರ್ಥ.

ಜಿಲ್ಲೆಯ ಹೆಸರನ್ನು ಮಾತ್ರ ನಂಬಿ ಕೂರುವಂತಿಲ್ಲ. ಮಾಗಡಿಯನ್ನೇ ತೆಗೆದುಕೊಳ್ಳಿ: ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸರ ಕಾಲಕ್ಕೆ ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು. ಒಂದೇ ಊರು, ನಾಲ್ಕು ವಿಳಾಸ. 2011ರ ಜನಗಣತಿಯ ಆರಂಕಿಯ ಗ್ರಾಮ ಸಂಕೇತ ಬರೆದು, ಇಂದಿನ ಜಿಲ್ಲೆ ಹೆಸರಿನ ಪಕ್ಕ ಬರೆದ ವರ್ಷ ಹಾಕಿದರೆ ಗೊಂದಲ ಮುಗಿಯಿತು.

‘ಎ.ಕ.’ ಎಂದರೆ ಯಾವುದು

ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಒಂದು, ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ತಂದ ಪರಿಷ್ಕೃತ ಸಂಪುಟಗಳು ಇನ್ನೊಂದು. ಸಂಪುಟದ ಹಂಚಿಕೆಯೂ ಶಾಸನದ ಸಂಖ್ಯೆಯೂ ಎರಡರಲ್ಲಿ ಬೇರೆ. ‘ಹಳೆಯದು’ ಅಥವಾ ‘ಪರಿಷ್ಕೃತ’, ಸಂಪುಟ, ತಾಲ್ಲೂಕು, ಸಂಖ್ಯೆ, ಈ ನಾಲ್ಕೂ ಇಲ್ಲದ ಉಲ್ಲೇಖ ಕೆಲಸಕ್ಕೆ ಬಾರದು. ಹಳೆಯ ನಮೂದಿನ ಸಂಖ್ಯೆ ರೈಸರದ್ದೆಂದು ಹಿಡಿದರೆ ಬೇರೆ ಊರಿನ ಶಾಸನ ಬಂತು. ಪರಿಷ್ಕೃತದಲ್ಲಿ ನೋಡಿದಾಗ ಹೊಂದಿತು. ಉತ್ತರ ಕರ್ನಾಟಕದ ಕಲ್ಲಾದರೆ ಇವೆರಡರಲ್ಲಿ ಹುಡುಕುವುದೇ ದಂಡ; ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 11, 15, 18, 20ನೇ ಸಂಪುಟ ತೆರೆಯಿರಿ. ‘ಅಪ್ರಕಟಿತ’ ಎಂದು ಬರೆಯುವ ಮುಂಚೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ತಿರುವಬೇಕು.

ಹಂಚಿಕೆಯ ದಾಖಲೆಗೆ ಏರಿಸುವುದು

ಕಡತದ ಹೆಸರು: ಗ್ರಾಮ ಸಂಕೇತ, ಕಲ್ಲಿನ ಸಂಖ್ಯೆ, ಮುಖ, ಬೆಳಕಿನ ದಿಕ್ಕು, ದಿನಾಂಕ. ಶಾಸನದ ಪೂರ್ತಿ ಶೀರ್ಷಿಕೆಯನ್ನು ಕನ್ನಡದಲ್ಲಿ ಕಡತದ ಹೆಸರಾಗಿ ಇಡುವ ಆಸೆ ಬೇಡ. ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕೊಂಬು, ಒತ್ತು, ವಿರಾಮ ಎಲ್ಲ ಸೇರಿ 85ಕ್ಕೆ ಮುಗಿಯಿತು.

ಶೀಟನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಗೆರೆ ಎಳೆದ ಲ್ಯಾಟಿನ್ ‘ಎ’ಗಳ ಸಾಲು ಕಂಡರೆ ಪಾಠ ಹಾಳಾಗಿಲ್ಲ. ಉಳಿಸದೆ ಮುಚ್ಚಿ, ಇಂಪೋರ್ಟ್ ಆಯ್ಕೆಯಿಂದ ಯುಟಿಎಫ್-8 ಎಂದು ಹೇಳಿ ತೆರೆಯಿರಿ. ಗಾಬರಿಯಲ್ಲಿ ಉಳಿಸಿದರೆ ಆಗ ನಿಜವಾಗಿ ಹಾಳು. ‘ಸಾಲು 1-3’ ಎಂಬ ಅರ್ಥದಲ್ಲಿ ಬರೆದ 1-3 ಎಂಬುದನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತದೆ. ಆ ಕಲಂ ಮೊದಲೇ ಟೆಕ್ಸ್ಟ್ ಆಗಿರಲಿ.

ಪಾಠದ ಕಡತಕ್ಕೆ ತಂಡದ ಎಲ್ಲರಿಗೂ ಕೊಟ್ಟಿರುವುದು ಸಲಹೆ ನೀಡುವ ಹಕ್ಕು ಮಾತ್ರ. ಗೂಗಲ್ ಡಾಕ್ಸ್‌ನಲ್ಲಿ ಸಜೆಸ್ಟಿಂಗ್ ಮೋಡ್. ಸಲಹೆಯ ಜೊತೆ ‘ಮೇಲಿನ ಬೆಳಕಿನ ಚಿತ್ರ, ಸಾಲು 8, ಎಡದಿಂದ 11ನೇ ಅಕ್ಷರ’ ಎಂಬ ಗುರುತು ಬೇಕು. ‘ಇದು ಹೀಗಿರಬೇಕು ಅನಿಸುತ್ತದೆ’ ಎಂಬ ಸಲಹೆ ಟಿಪ್ಪಣಿಗೆ ಹೋಗುತ್ತದೆ, ಪಾಠಕ್ಕಲ್ಲ. ಒಪ್ಪಿದ ಬದಲಾವಣೆಯ ದಿನಾಂಕ, ಕಾರಣ, ಯಾವ ಚಿತ್ರ ಎಂಬುದು ಕೊನೆಯ ಪಟ್ಟಿಯಲ್ಲಿ. ಪಡಿಯಚ್ಚನ್ನು ಮಡಿಸದೆ ಕೊಳವೆಯಲ್ಲಿ ಸುತ್ತಿಟ್ಟು, ಅದರ ಸಂಖ್ಯೆಯನ್ನೂ ಅಲ್ಲೇ ಬರೆದಿದೆ.

ಆವೃತ್ತಿ 2 ಏರಿಸಿದಾಗ ಬಾಕಿ ಉಳಿದದ್ದು 8ನೇ ಸಾಲಿನ ನಡುವಿನ ಎರಡು ಅಕ್ಷರ, ದಾನ ಪಡೆದವರ ಹೆಸರಿನ ಜಾಗದಲ್ಲೇ. ಪಡಿಯಚ್ಚಿನಲ್ಲೂ ಇಲ್ಲ, ಟಾರ್ಚಿಗೂ ಸಿಗಲಿಲ್ಲ. ಎರಡು ಚುಕ್ಕಿ ಹಾಕಿದೆ. ಮೇ ಮೂರನೇ ವಾರದಲ್ಲಿ ಈ ಭಾಗದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಏಳು ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ, ಉತ್ತರದ ಮುಖಕ್ಕೆ ಮೇಲಿನಿಂದ ಮೈಸವರಿಕೊಂಡು ಬಿಸಿಲು ಇಳಿಯುತ್ತದೆ. ಗಡಿಯಾರದಲ್ಲಿ 12:15ರ ಸುಮಾರು. ಟ್ರೈಪಾಡ್ 12ಕ್ಕೇ ನಿಲ್ಲಿಸಿ, ಎರಡು ನಿಮಿಷಕ್ಕೊಂದರಂತೆ 12:30ರ ತನಕ ಚಿತ್ರ ತೆಗೆಯುವುದು.